ಅಂಗಳದ ಮರಿಯೂ ಕ್ಯಾಮೆರಾದ ಕಣ್ಣೂ

ನಮ್ಮ ಎಲ್ಲೂರಿನ ಹಳೆಯ ಮನೆಗಳ ಚಾವಡಿಯಲ್ಲಿ ಕುಳಿತು ತಲೆಯೆತ್ತಿದರೆ, ಮಾಡಿನ ಜಂತಿಗೆ ಹತ್ತಿರವಾಗಿ ಸಾಲಾಗಿ ತೂಗುವ ಚಿತ್ರಪಟಗಳು ಕಣ್ಣಿಗೆ ಬೀಳುತ್ತವೆ. ಉಡುಪಿಯ ಯಾವುದೋ ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಸೆಟೆದು ಕುಳಿತ ಅಜ್ಜ, ಬದಿಯಲ್ಲಿ ನಿಂತ ಅಜ್ಜಿ, ಮುಂಬಯಿಗೆ ಹೋಗಿ ಹೋಟೆಲು ಸೇರಿದ ಮಾವ, ಮದುವೆಯ ದಿಬ್ಬಣ, ಹೀಗೆ ಎಲ್ಲರೂ ಅಲ್ಲಿದ್ದಾರೆ. ಕಂಬಳಕ್ಕೆ ಕೋಣ ಕಟ್ಟುವ ಮನೆಯಾದರೆ ಗೆದ್ದ ಕೋಣಗಳ ಜೋಡಿಯೂ ಹಿರಿಯರಿಗೆ ಸರಿಸಮನಾಗಿ ಚೌಕಟ್ಟಿನೊಳಗೆ ನಿಂತಿರುತ್ತದೆ. ಇಲ್ಲದಿರುವುದು ನಾಯಿಯೊಂದೇ. ಇಡೀ ರಾತ್ರಿ ಅಂಗಳವನ್ನು ಕಾದು, ಎಲ್ಲರ ಊಟ ಮುಗಿದ ಮೇಲೆ ಉಳಿದುದನ್ನು ತಿಂದು, ಹಟ್ಟಿಯ ಮಗ್ಗುಲಲ್ಲಿ ಸುರುಳಿ ಸುತ್ತಿ ಮಲಗುತ್ತಿದ್ದ ಆ ಪ್ರಾಣಿಗೆ ಚಿತ್ರವೇಕೆ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅಂಥ ಪ್ರಶ್ನೆಯೇ ಯಾರಿಗೂ ಹೊಳೆದಿರಲಿಲ್ಲ. ನಾಯಿ ಅಂಗಳದ್ದು, ಜಗಲಿಯದಲ್ಲ; ಚಾವಡಿಯದಂತೂ ಅಲ್ಲವೇ ಅಲ್ಲ.

ಆದರೆ ಕನ್ನಡ ನಾಡಿನಲ್ಲಿ ನಾಯಿಗೆ ಚಿತ್ರವೇ ಇರಲಿಲ್ಲವೆಂದು ಹೇಳಿದರೆ ತಪ್ಪಾದೀತು. ಈಗ ಮಂಡ್ಯ ಜಿಲ್ಲೆಗೆ ಸೇರಿರುವ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾದ ಶಾಸನವೊಂದುಂಟು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಮೇಲೆ, ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರ ಎಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗಾಗಿ ಚಲ್ಲೇಶ್ವರ ದೇವಾಲಯದ ಎದುರು ಕಲ್ಲು ನೆಡಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂಬ ಕಟ್ಟಳೆಯನ್ನೂ ಮಾಡಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುವ ದೃಶ್ಯವನ್ನು ಕೆತ್ತಿದ್ದಾರೆ. ಇತಿಹಾಸಕಾರರು ಈ ಶಾಸನವನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ನಾನು ಕಾಳಿಗಾಗಿ ಓದುತ್ತೇನೆ. ಊರು ಕೇರಿಗಳನ್ನು ಬೇಡಬಹುದಾಗಿದ್ದವನು ನಾಯಿಯನ್ನು ಬೇಡಿದನಲ್ಲ, ಅವನ ಮನಸ್ಸನ್ನು ಬಲ್ಲವರು ನಮ್ಮ ನಡುವೆ ಈಗ ಹೆಚ್ಚುತ್ತಿದ್ದಾರೆ.

ಹೆಚ್ಚುತ್ತಿರುವುದಕ್ಕೆ ಕಾರಣಗಳು ಹಲವು. ಮಕ್ಕಳು ದೂರ ಹೋಗಿ ಮನೆಗಳಲ್ಲಿ ಇಬ್ಬರೋ ಒಬ್ಬರೋ ಉಳಿದಿರುವುದು ಒಂದು. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಎಂಬ ಕನ್ನಡ ಚಲನಚಿತ್ರ ಇನ್ನೊಂದು. ನಮ್ಮ ಉಡುಪಿಯವರೇ ಆದ ರಕ್ಷಿತ್ ಶೆಟ್ಟಿ ಅದರಲ್ಲಿ ಒಂಟಿ ಮನುಷ್ಯನಾಗಿ ನಟಿಸಿದರು. ಅವರ ಜೊತೆಗೆ ನಟಿಸಿದ ಲ್ಯಾಬ್ರಡಾರ್ ನಾಯಿ ಅವರಿಗಿಂತ ಹೆಚ್ಚು ಜನರನ್ನು ಅಳಿಸಿತು. ಚಿತ್ರ ನೋಡಿ ಬಂದವರಲ್ಲಿ ಕೆಲವರು ಮರುವಾರವೇ ಮರಿಗಾಗಿ ಹುಡುಕಾಟ ನಡೆಸಿದ್ದನ್ನು ನಾನು ಬಲ್ಲೆ. ನಾಯಿಮರಿಗಳನ್ನು ಬರಿಯ ಸರಕಿನಂತೆ ಹುಟ್ಟಿಸಿ ಮಾರುವವರ ಬಗ್ಗೆ ಅದೇ ಚಿತ್ರ ಎಚ್ಚರಿಸಿತ್ತೆಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿತ್ತೋ ಹೇಳಲಾರೆ.

ಮರಿಯನ್ನು ಮನೆಗೆ ತರುವವರು ಮೊದಲು ಕೇಳಬೇಕಾದದ್ದು ಅದರ ಜಾತಿಯನ್ನಲ್ಲ, ವಯಸ್ಸನ್ನು. ಎಂಟು ವಾರ ತುಂಬುವ ತನಕ ಮರಿ ತಾಯಿಯ ಜೊತೆಗಿರಬೇಕು. ಹಾಲಿಗಾಗಿ ಮಾತ್ರ ಎಂದು ತಿಳಿಯಬಾರದು. ಒಡಹುಟ್ಟಿದ ಮರಿಗಳೊಡನೆ ಕಚ್ಚಾಡುವಾಗ, ಎಷ್ಟು ಬಲವಾಗಿ ಕಚ್ಚಿದರೆ ಆಟ ನಿಂತುಹೋಗುತ್ತದೆ ಎಂಬ ಪಾಠ ಅದಕ್ಕೆ ಅಲ್ಲಿಯೇ ಆಗುವುದು. ಈ ಪಾಠ ತಪ್ಪಿದ ಮರಿ ಮುಂದೆ ನಮ್ಮ ಕೈಬೆರಳುಗಳ ಮೇಲೆ ಅದನ್ನು ಕಲಿಯಬೇಕಾಗುತ್ತದೆ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಸಾಕಿ ಪರೀಕ್ಷಿಸಿ, 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇನ್ನೊಂದು ವಿಷಯವನ್ನು ತಿಳಿಸಿದ್ದಾರೆ. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು, ಯಾವುದನ್ನು ಹೆದರಿಕೆಯಿಲ್ಲದೆ ಕಾಣುತ್ತದೆಯೋ ಅದೆಲ್ಲ ಅದಕ್ಕೆ ಜೀವಮಾನವಿಡೀ ತನ್ನದೆನಿಸುತ್ತದೆ. ಆ ಕಿಟಕಿ ಮುಚ್ಚಿದ ಬಳಿಕ ಹೊಸದನ್ನು ಒಪ್ಪಿಸುವುದು ಕಷ್ಟ. ಆದುದರಿಂದ ಮೊದಲ ವಾರಗಳಲ್ಲಿ ಮರಿಯನ್ನು ಎತ್ತಿಕೊಂಡೇ ಊರು ತೋರಿಸಬೇಕು. ಶಾಲೆ ಬಿಟ್ಟ ಮಕ್ಕಳು, ಕೊಡೆ ಹಿಡಿದವರು, ಬಸ್ಸಿನ ಹಾರ್ನು, ದೂರದ ಯಕ್ಷಗಾನದ ಚೆಂಡೆ, ಇವೆಲ್ಲ ಅದರ ಕಿವಿಗೂ ಮೂಗಿಗೂ ಪರಿಚಯವಾಗಲಿ. ನೆಲಕ್ಕೆ ಮಾತ್ರ ಬಿಡಬಾರದು. ಲಸಿಕೆ ಪೂರ್ಣವಾಗದ ಮರಿಗೆ ಬೀದಿಯ ಮಣ್ಣು ಅಪಾಯದ್ದು.

ಲಸಿಕೆಯ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಆರರಿಂದ ಎಂಟು ವಾರಗಳ ನಡುವೆ ಮೊದಲನೆಯದು, ಅನಂತರ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವ ತನಕ. ಇಷ್ಟೊಂದು ಸಲ ಏಕೆ ಎಂದರೆ, ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನು ಅದೇ ತಡೆಯುತ್ತದೆ. ಅದು ಯಾವ ವಾರ ಕರಗುತ್ತದೆಂದು ಹೊರಗಿನಿಂದ ತಿಳಿಯಲಾಗದು. ಮಧ್ಯೆ ಒಂದು ತಪ್ಪಿದರೆ ಬಾಗಿಲು ತೆರೆದಿಟ್ಟಂತೆ. 1978ರ ಸುಮಾರಿಗೆ ಜಗತ್ತಿನ ನಾನಾ ಕಡೆಗಳಲ್ಲಿ ಒಮ್ಮೆಗೇ ಕಾಣಿಸಿಕೊಂಡ ಪಾರ್ವೋ ಎಂಬ ರೋಗ ರಕ್ತಭೇದಿಯಿಂದ ಮರಿಯನ್ನು ಎರಡು ಮೂರು ದಿನಗಳಲ್ಲಿ ಕೊಂಡೊಯ್ಯಬಲ್ಲದು. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ, ಅಂದರೆ ರೇಬೀಸಿನ ಲಸಿಕೆ. ಇದು ಮರಿಗಾಗಿ ಮಾತ್ರವಲ್ಲ. ರೋಗದ ಲಕ್ಷಣ ಒಮ್ಮೆ ತೋರಿದ ಮೇಲೆ ಮನುಷ್ಯನನ್ನು ಉಳಿಸುವ ಔಷಧ ಇಂದಿಗೂ ಇಲ್ಲ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಅರಸಿನ ಸುಣ್ಣ ಮೆತ್ತುವ ನಮ್ಮ ಕಡೆಯ ಅಭ್ಯಾಸವನ್ನು ಬಿಟ್ಟು, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ಗಾಯವನ್ನು ತೊಳೆದು ಆಸ್ಪತ್ರೆಗೆ ಹೋಗಬೇಕು. ಮನೆಯ ಮರಿಯೇ ಕಚ್ಚಿತು, ಅದಕ್ಕೇನು ಎನ್ನುವವರು ಲಸಿಕೆ ಹಾಕಿಸದ ಮರಿಯ ಒಡೆಯರೇ ಆಗಿರುತ್ತಾರೆ.

ಮೊದಲ ರಾತ್ರಿ ಮರಿ ಅಳುತ್ತದೆ. ಅತ್ತರೆ ಅಳಲಿ, ಅಭ್ಯಾಸವಾಗುತ್ತದೆ ಎಂದು ಹಿಂದಿನವರು ಹಟ್ಟಿಯಲ್ಲಿ ಕಟ್ಟಿ ಬಾಗಿಲೆಳೆದುಕೊಳ್ಳುತ್ತಿದ್ದರು. ಅಂದಿನವರೆಗೆ ನಾಲ್ಕಾರು ಮೈಗಳ ಬಿಸಿಯಲ್ಲಿ ಮಲಗಿದ್ದ ಜೀವಕ್ಕೆ ಒಂಟಿತನ ಎಂಬುದು ಮೊದಲ ಬಾರಿ ತಗಲುವ ರಾತ್ರಿ ಅದು. ತಾಯಿ ಮಲಗಿದ್ದ ಗೋಣಿಯ ತುಂಡನ್ನೋ ಹಳೆಯ ಬಟ್ಟೆಯನ್ನೋ ಜೊತೆಗೆ ತಂದು ಹಾಸಿ, ನಮ್ಮ ಉಸಿರು ಕೇಳುವಷ್ಟು ಹತ್ತಿರದಲ್ಲಿ ಮಲಗಿಸಿದರೆ ಸಾಕು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ದಣಿದ ಕೂಡಲೇ ಅಂಗಳಕ್ಕೆ ಒಯ್ದು, ಅಲ್ಲಿ ಮೂತ್ರ ಮಾಡಿದಾಗ ಹೊಗಳಬೇಕು. ಒಳಗೆ ಮಾಡಿದ್ದಕ್ಕೆ ಮೂಗು ಒರಸಿ ಹೊಡೆಯುವುದರಿಂದ ಅದು ಕಲಿಯುವುದು ಒಂದನ್ನೇ: ನಮ್ಮ ಕಣ್ಣಿಗೆ ಬೀಳದಂತೆ ಮಾಡುವುದನ್ನು.

ಊಟದ ಬಗ್ಗೆ ಒಂದೆರಡು ಮಾತು ಸಾಕು. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಬರಿಯ ಕುಚ್ಚಲಕ್ಕಿ ಗಂಜಿಯಿಂದ ಮರಿಯ ಎಲುಬು ಬೆಳೆಯದು. ಮೊಟ್ಟೆ, ಮುಳ್ಳು ತೆಗೆದ ಮೀನು, ಮಾಂಸ ಇವುಗಳ ಸಾರ ಬೇಕು, ಸಸ್ಯಾಹಾರಿಗಳ ಮನೆಯಾದರೆ ವೈದ್ಯರನ್ನು ಕೇಳಿ ಸಿದ್ಧ ಆಹಾರವನ್ನಾದರೂ ಬೆರೆಸಬೇಕು. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ನೀರುಳ್ಳಿ, ಚಾಕೊಲೇಟು, ದ್ರಾಕ್ಷಿ ನಾಯಿಗೆ ವಿಷ. ಪಾಯಸದ ಒಣದ್ರಾಕ್ಷಿಯೂ ದ್ರಾಕ್ಷಿಯೇ ಎಂದು ಹಬ್ಬದ ದಿನ ಮಕ್ಕಳಿಗೆ ಹೇಳಿಡಬೇಕು.

ಇನ್ನು ಈ ಭಾಷಣಕ್ಕೆ ನಿಜವಾದ ಪ್ರೇರಣೆಯಾದ ಸಂಗತಿಗೆ ಬರುತ್ತೇನೆ. ನಮ್ಮ ಕಡೆ ನಾಯಿ ಬೇಕೆನ್ನುವವರು ಕೇಳುವುದು ಗಂಡುಮರಿಯನ್ನು. ಹೆಣ್ಣಾದರೆ ವರ್ಷಕ್ಕೆರಡು ಸಲ ಊರ ಗಂಡುನಾಯಿಗಳೆಲ್ಲ ಅಂಗಳಕ್ಕೆ ಬರುತ್ತವೆ, ಮರಿಗಳ ಗೋಳು ಯಾರಿಗೆ ಬೇಕು, ಎನ್ನುತ್ತಾರೆ. ಹೀಗಾಗಿ ಹೆಣ್ಣುಮರಿಗಳು ಕಣ್ಣು ಬಿಟ್ಟ ಕೆಲವೇ ದಿನಗಳಲ್ಲಿ ಗೋಣಿಚೀಲದಲ್ಲಿ ಪ್ರಯಾಣ ಮಾಡಿ, ಮೀನುಮಾರುಕಟ್ಟೆಯ ಹಿಂದೆಯೋ, ಹೆದ್ದಾರಿಯ ಮೋರಿಯ ಬಳಿಯೋ ಇಳಿಯುತ್ತವೆ. ಕೆಲವು ವರ್ಷಗಳ ಹಿಂದೆ ನಮ್ಮ ಸೌದೆಕೊಟ್ಟಿಗೆಯಲ್ಲಿ ಒಂದು ಊರನಾಯಿ ಆರು ಮರಿ ಹಾಕಿತು. ಎರಡು ಗಂಡು, ನಾಲ್ಕು ಹೆಣ್ಣು. ಗಂಡುಮರಿಗಳನ್ನು ಜನ ಮೊದಲೇ ಹೇಳಿಟ್ಟು ಕಾದು ಒಯ್ದರು. ಉಳಿದ ನಾಲ್ಕನ್ನು ನೋಡಿ ನೆರೆಮನೆಯ ಹಿರಿಯಾಕೆ, ಕೆಟ್ಟ ಮನಸ್ಸಿನವರೇನೂ ಅಲ್ಲ, “ಮಾಷ್ಟ್ರೇ, ಪೇಟೆಯಲ್ಲಿ ಮೀನು ಮಾರುವಲ್ಲಿ ಬಿಟ್ಟು ಬನ್ನಿ, ಹೊಟ್ಟೆಗಾದರೂ ಸಿಗುತ್ತದೆ” ಎಂದರು.

ಅವರ ಮೊಮ್ಮಗ ಮಣಿಪಾಲದಲ್ಲಿ ಓದುವ ಹುಡುಗ. ಅವನು ಸಂಜೆಗತ್ತಲಲ್ಲಿ ಸೌದೆಯ ಸಂದಿಗೆ ಮೊಬೈಲು ಹಿಡಿದು ಫ್ಲಾಶ್ ಹೊತ್ತಿಸಿ ಒಂದು ಚಿತ್ರ ತೆಗೆದು ಗೆಳೆಯರಿಗೆಲ್ಲ ಕಳುಹಿಸಿದ. ಚಿತ್ರದಲ್ಲಿ ಕಂಡದ್ದು ಕತ್ತಲಲ್ಲಿ ಉರಿಯುವ ಎಂಟು ಹಸುರು ಕಣ್ಣುಗಳು. ಯಾರೂ ಉತ್ತರಿಸಲಿಲ್ಲ. ಮರುದಿನ ಬೆಳಗ್ಗೆ ನಾಲ್ಕು ಮರಿಗಳನ್ನೂ ಜಗಲಿಗೆ ತಂದು, ಒಂದೊಂದನ್ನೂ ಬೇರೆ ಬೇರೆಯಾಗಿ ಕೂರಿಸಿ, ನಾನು ನೆಲಕ್ಕೆ ಮೈಚಾಚಿ ಮಲಗಿ ಚಿತ್ರ ತೆಗೆದೆ. ಹತ್ತು ದಿನಗಳಲ್ಲಿ ಮೂರಕ್ಕೆ ಮನೆ ದೊರೆಯಿತು. ಎಲ್ಲರೂ ಕೊನೆಗೆ ಬಿಟ್ಟಿದ್ದ ಕಪ್ಪು ಮರಿಯನ್ನು ಕಾರ್ಕಳದ ದಂಪತಿ ಚಿತ್ರ ನೋಡಿಯೇ ಒಯ್ದರು. ನಾಲ್ಕನೆಯದು ನಮ್ಮಲ್ಲೇ ಇದೆ. ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಹೆಣ್ಣುಮರಿ ಬೇಡವೆನ್ನುವವರ ಆಕ್ಷೇಪಕ್ಕೆಲ್ಲ ಉತ್ತರ ಆ ಒಂದು ಚಿಕಿತ್ಸೆಯಲ್ಲಿದೆ. ಗರ್ಭಕೋಶದಲ್ಲಿ ಕೀವು ತುಂಬುವ ರೋಗವೂ ಅದರಿಂದ ತಪ್ಪುತ್ತದೆ.

ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ನಡುವೆ ಏನಾಯಿತು ಎಂಬುದನ್ನು ಈಗ ವಿವರಿಸಬಹುದು. ಕಿವಿಗೆ ಚಿತ್ರ ತೋರಿಸುವ ಈ ಪ್ರಯತ್ನವನ್ನು ಕೇಳುಗರು ಕ್ಷಮಿಸಬೇಕು.

ನಾಯಿಯ ಕಣ್ಣಿನ ಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಒಮ್ಮೆ ಒಳಹೊಕ್ಕ ಬೆಳಕನ್ನು ಅದು ಹಿಂದಕ್ಕೆ ಚಿಮ್ಮಿಸಿ, ಮಂದ ಬೆಳಕಿನಲ್ಲಿಯೂ ಕಾಣುವಂತೆ ಮಾಡುತ್ತದೆ. ಫ್ಲಾಶಿನ ಬೆಳಕು ಮಸೂರದ ಪಕ್ಕದಿಂದಲೇ ಹೊರಟು ನೇರ ಹಿಂದಿರುಗುವುದರಿಂದ ಕಣ್ಣು ದೆವ್ವದ ಕಣ್ಣಾಗುತ್ತದೆ. ಬೆಕ್ಕಿಗೂ ಹೀಗೆಯೇ. ಆದುದರಿಂದ ಫ್ಲಾಶನ್ನು ಮರೆತುಬಿಡುವುದು ಮೊದಲ ನಿಯಮ. ನಮ್ಮ ಮನೆಗಳಿಗೆ ಅದರ ಅಗತ್ಯವೂ ಇಲ್ಲ. ಮೇಲೆ ಮಾಡಿನ ನೆರಳು, ಎದುರು ತೆರೆದ ಅಂಗಳ, ಅಲ್ಲಿಂದ ಒಳಹರಿಯುವ ಮೆತ್ತನೆಯ ಬೆಳಕು, ಹೀಗಿರುವ ನಮ್ಮ ಜಗಲಿಗಿಂತ ಒಳ್ಳೆಯ ಸ್ಟುಡಿಯೋವನ್ನು ನಾನು ಕಂಡಿಲ್ಲ. ಪ್ರಾಣಿಯ ಮುಖ ಅಂಗಳದ ಕಡೆಗಿರಲಿ. ಅದರ ಕಣ್ಣಿನಲ್ಲಿ ಅಂಗಳದ ಆಕಾಶ ಒಂದು ಚುಕ್ಕೆಯಾಗಿ ಮಿನುಗುತ್ತದೆ. ಆ ಚುಕ್ಕೆ ಇಲ್ಲದ ಕಣ್ಣು ಸತ್ತ ಕಣ್ಣಿನಂತೆ ಕಾಣುವುದು. ಅಂಗಳಕ್ಕಿಳಿದು ತೆಗೆಯುವುದಾದರೆ ತೆಂಗಿನ ಮಡಲುಗಳ ಕೆಳಗೆ ಬೇಡ. ಬಿಸಿಲು ನೆರಳು ಜಾಲರಿಯಾಗಿ ಬಿದ್ದು ಬಿಳಿಯ ಮರಿ ಚಿರತೆಯಂತಾಗುತ್ತದೆ. ಮುರಕಲ್ಲಿನ ಗೋಡೆಗೆ ತೀರ ಹತ್ತಿರ ನಿಲ್ಲಿಸಿದರೆ ಕೆಂಪು ಛಾಯೆ ಮೈಗೆ ಹತ್ತುತ್ತದೆ. ಸುಣ್ಣ ಬಳಿದ ಗೋಡೆ ಅದಕ್ಕೆ ವಿರುದ್ಧವಾಗಿ ಬೆಳಕನ್ನು ತುಂಬಿಕೊಡುತ್ತದೆ. ಆಷಾಢದ ಮೋಡ ಕವಿದ ಹಗಲು ಬೇಸರದ್ದೆಂದು ತಿಳಿಯುತ್ತೇವಲ್ಲ, ಪ್ರಾಣಿಗಳ ಚಿತ್ರಕ್ಕೆ ವರ್ಷದಲ್ಲಿಯೇ ಅಷ್ಟು ಹದವಾದ ಬೆಳಕು ಬೇರಿಲ್ಲ.

ಕಪ್ಪು ಮರಿಯದು ಬೇರೆಯೇ ಸಮಸ್ಯೆ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಲೋಕವೆಲ್ಲ ನಡುಬೂದಿಯ ಬಣ್ಣದ್ದು. ಚೌಕಟ್ಟಿನ ತುಂಬ ಕಪ್ಪು ನಾಯಿಯಿದ್ದರೆ ಅದನ್ನು ಬೆಳಗಿಸಿ ಬೂದಿ ಮಾಡಲು ಹೊರಡುತ್ತದೆ. ಬಿಳಿಯ ನಾಯಿಯಾದರೆ ಮಂಕುಗೊಳಿಸಿ ಅದನ್ನೂ ಬೂದಿಯೇ ಮಾಡುತ್ತದೆ. ಹಿಂದೆ ಪ್ರಕಾಶಮಾನವಾದ ಅಂಗಳವಿದ್ದು ಮುಂದೆ ಕಪ್ಪು ಮರಿಯಿದ್ದರಂತೂ ಮರಿ ಬರಿಯ ನೆರಳು. ಹಿನ್ನೆಲೆ ಮರಿಗಿಂತ ತೀರ ಬೆಳ್ಳಗಿರದಂತೆ ಆರಿಸಿ, ಬದಿಯಿಂದ ಬೆಳಕು ಬೀಳುವಂತೆ ಕೂರಿಸಿ, ಮೊಬೈಲಿನ ಪರದೆಯಲ್ಲಿ ಮರಿಯ ಮುಖವನ್ನೇ ಬೆರಳಿನಿಂದ ಒತ್ತಿ, ಬೆಳಕನ್ನು ಮೇಲೆ ಕೆಳಗೆ ಸರಿಸಿ ನೋಡಬೇಕು. ಆಗ ಕಪ್ಪಿನಲ್ಲಿ ಇರುವ ನೀಲಿ ಹೊಳಪು, ರೋಮದ ಸುಳಿ, ಗಲ್ಲದ ಮೇಲಿನ ಮೀಸೆ ಒಂದೊಂದಾಗಿ ಹೊರಬರುತ್ತವೆ. ಕಾರ್ಕಳಕ್ಕೆ ಹೋದ ಮರಿಗೆ ಮನೆ ದೊರಕಿಸಿದ್ದು ಈ ಹೊಳಪೇ ಎಂದು ನನ್ನ ನಂಬಿಕೆ.

ನಿಂತು ಕೆಳಮುಖವಾಗಿ ತೆಗೆದ ಚಿತ್ರದಲ್ಲಿ ನಾಯಿ ಅಂಗಳದ ಪ್ರಾಣಿಯಾಗಿಯೇ ಉಳಿಯುತ್ತದೆ. ಕ್ಯಾಮೆರಾ ಅದರ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಇಳಿದಾಗ ಪಂಚೆಗೆ ಸೆಗಣಿ ಹತ್ತುವುದುಂಟು. ಆದರೆ ತೀರ ಹತ್ತಿರ ಹೋಗಬಾರದು. ಮೊಬೈಲಿನ ಅಗಲನೋಟದ ಮಸೂರ ಹತ್ತಿರದ ಮೂಗನ್ನು ಕುಂಬಳಕಾಯಿ ಮಾಡುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಹಿಗ್ಗಿಸಿ ತೆಗೆಯುವುದು ಲೇಸು. ಹಿನ್ನೆಲೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ನಮ್ಮೂರಿನಲ್ಲಿ 2010ರಿಂದ ವಿದ್ಯುತ್ ಉತ್ಪಾದಿಸತೊಡಗಿದ ಉಷ್ಣಸ್ಥಾವರದ ಚಿಮಣಿ ದೂರದಿಂದಲೂ ಕಾಣುವುದರಿಂದ, ಎಷ್ಟೋ ನಾಯಿಗಳ ನೆತ್ತಿಯಿಂದ ಅದು ಕೊಂಬಿನಂತೆ ಮೇಲೆದ್ದಿರುವ ಚಿತ್ರಗಳನ್ನು ನೋಡಿದ್ದೇನೆ.

ಓಡುವ ಮರಿಯನ್ನು ಹಿಡಿಯುವ ವಿದ್ಯೆ ನಮ್ಮ ಕಡೆಯವರಿಗೆ ಹೊಸದಲ್ಲ. ಅಡ್ವೆ ನಂದಿಕೂರಿನ ಕಂಬಳದ ಕರೆಯ ಬದಿಯಲ್ಲಿ ನಿಲ್ಲುವ ಛಾಯಾಗ್ರಾಹಕರನ್ನು ನೋಡಿ. ಕೋಣ ತನ್ನೆದುರಿಗೆ ಬಂದ ಮೇಲೆ ಗುಂಡಿ ಒತ್ತುವವನಿಗೆ ದೊರೆಯುವುದು ಕೋಣದ ಬಾಲ ಮತ್ತು ಕೆಸರು. ಬರುವ ಮೊದಲೇ ಅದರೊಡನೆ ಕ್ಯಾಮೆರಾವನ್ನು ತಿರುಗಿಸುತ್ತ ಬಂದವನಿಗೆ ಓಟ ದೊರೆಯುತ್ತದೆ. ಸೆಕೆಂಡಿನ ಐನೂರನೆಯ ಒಂದು ಭಾಗವಾದರೂ ವೇಗ ಬೇಕು. ಓಡುವ ಪ್ರಾಣಿಯ ಕಾಲುಗಳ ಗುಟ್ಟನ್ನು ಮೊದಲು ಬಿಡಿಸಿದವರಲ್ಲಿ ಒಬ್ಬನಾದ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ 781 ಫಲಕಗಳಲ್ಲಿ ಕುದುರೆ, ಮನುಷ್ಯರ ಜೊತೆಗೆ ನಾಯಿಯೂ ಇದೆ. ಅವನು ಸಾಲುಸಾಲಾಗಿ ಕ್ಯಾಮೆರಾಗಳನ್ನು ಹೂಡಬೇಕಾಗಿತ್ತು. ಮೂವತ್ತಾರು ಚಿತ್ರಗಳ ಫಿಲ್ಮು ಸುರುಳಿಯನ್ನು ಲೆಕ್ಕ ಹಾಕಿ ಖರ್ಚು ಮಾಡಿದ ನಮ್ಮ ತಲೆಮಾರಿಗೆ, ಈಗ ಬೆರಳನ್ನು ಒತ್ತಿ ಹಿಡಿದರೆ ಇಪ್ಪತ್ತು ಚಿತ್ರ ಬರುವುದು ಸ್ವಲ್ಪ ಅನ್ಯಾಯವೆಂದೇ ತೋರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ನಾಯಿಯ ಭಾಷೆಯಲ್ಲಿ ಎವೆಯಿಕ್ಕದೆ ದಿಟ್ಟಿಸುವುದು ಬೆದರಿಕೆ. ಕ್ಯಾಮೆರಾ ಎಂಬುದು ಎವೆಯೇ ಇಲ್ಲದ ದೊಡ್ಡ ಕಣ್ಣು. ಮರಿ ಅದನ್ನು ಮೂಸಿ, ನೆಕ್ಕಿ, ಆಟದ ಸಾಮಾನಲ್ಲವೆಂದು ತಿಳಿದು ಬೇಸರಗೊಳ್ಳುವ ತನಕ ಎರಡು ಮೂರು ದಿನ ಅದರ ಬಳಿ ಇಟ್ಟಿರಬೇಕು. ಚಿತ್ರ ತೆಗೆಯುವಾಗ ಮರಿ ಆಕಳಿಸಿದರೆ ನಿದ್ದೆಯೆಂದೂ, ತುಟಿ ನೆಕ್ಕಿಕೊಂಡರೆ ಹಸಿವೆಂದೂ ನಾವು ತಿಳಿಯುತ್ತೇವೆ. ಎಷ್ಟೋ ವೇಳೆ ಅವು ಕಳವಳದ ಚಿಹ್ನೆಗಳು. ಮುಖ ತಿರುಗಿಸಿ ಕಣ್ಣಿನ ಬಿಳಿಯನ್ನು ತೋರಿಸಿದರೆ ಅದು ‘ಸಾಕು’ ಎನ್ನುತ್ತಿದೆ. ಬಾಲ ಆಡಿಸಿದ ಮಾತ್ರಕ್ಕೆ ಸಂತೋಷವೆನ್ನುವಂತಿಲ್ಲ. ಚಿಕ್ಕ ಮಗುವಿನಿಂದ ನಾಯಿಯ ಕುತ್ತಿಗೆ ತಬ್ಬಿಸಿ, ಕೆನ್ನೆಗೆ ಕೆನ್ನೆ ತಾಗಿಸಿ ತೆಗೆದ ಚಿತ್ರಗಳನ್ನು ಜನ ಮೆಚ್ಚಿಕೊಳ್ಳುತ್ತಾರೆ. ನನಗೆ ಅವುಗಳಲ್ಲಿ ಮೊದಲು ಕಾಣುವುದು ನಾಯಿಯ ಬಿಗಿದ ಬಾಯಿ. ಮನುಷ್ಯನಿಗೆ ಅಪ್ಪುಗೆ ಪ್ರೀತಿ. ನಾಯಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ. ಕಚ್ಚುವ ನಾಯಿ ಮೊದಲು ಬೊಗಳಿ ಎಚ್ಚರಿಸುತ್ತದೆಂಬ ಭರವಸೆಯಿಂದ ಮಗುವಿನ ಮುಖವನ್ನು ಅದರ ಹಲ್ಲಿನ ಬಳಿಗೆ ಒಯ್ಯಬಾರದು. ಮಗು ನೆಲದ ಮೇಲೆ ಕುಳಿತಿರಲಿ, ಮರಿ ತಾನಾಗಿ ಹತ್ತಿರ ಬರಲಿ. ಚಿತ್ರವೂ ಹೆಚ್ಚು ಚೆನ್ನಾಗಿರುತ್ತದೆ.

ಮರಿಯ ಗಮನ ಸೆಳೆಯಲು ಬೀಗದ ಕೈಗೊಂಚಲನ್ನು ಒಮ್ಮೆ ಅಲುಗಿಸಿದರೆ ಸಾಕು, ಕಿವಿ ನಿಮಿರಿಸಿ ತಲೆಯೋರೆ ಮಾಡುತ್ತದೆ. ಮೂರನೆಯ ಸಲಕ್ಕೆ ಅದು ತಿರುಗಿಯೂ ನೋಡದು. ಆಟದ ಚೆಂಡು ಕೊಡುವವರು ಕೆಂಪು ಚೆಂಡನ್ನು ಹುಲ್ಲಿನ ಮೇಲೆ ಎಸೆದು ನಾಯಿ ದಡ್ಡ ಎನ್ನುತ್ತಾರೆ. ಅದರ ಕಣ್ಣಿಗೆ ಕೆಂಪು ಹಸುರಿನ ಭೇದ ಸರಿಯಾಗಿ ತಿಳಿಯುವುದಿಲ್ಲ. ನೀಲಿ ಹಳದಿ ತಿಳಿಯುತ್ತದೆ. ಬೆಕ್ಕಿನ, ನಮ್ಮ ತುಳುವಿನ ಪುಚ್ಚೆಯ, ವಿಷಯದಲ್ಲಿ ಇಂಥ ಯಾವ ಉಪಾಯವೂ ನನಗೆ ಫಲಿಸಿಲ್ಲ. ಅದು ಬಂದು ಕುಳಿತುಕೊಳ್ಳುವ ಕಿಟಕಿ ಯಾವುದೆಂದು ತಿಳಿದು ಅಲ್ಲಿ ಕಾಯುವುದೇ ದಾರಿ.

ಕರಾವಳಿಯವರು ಕ್ಯಾಮೆರಾವನ್ನು ಕಾಯುವ ಬಗ್ಗೆಯೂ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಮಸೂರದ ಗಾಜಿನ ಮೇಲೆ ಜೇಡನ ಬಲೆಯಂಥ ಬೂಷ್ಟು ಹಬ್ಬುತ್ತದೆ. ಬೇರೂರಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ, ವಾರಕ್ಕೊಮ್ಮೆಯಾದರೂ ಹೊರತೆಗೆದು ಉಪಯೋಗಿಸುವುದು, ಇಷ್ಟಿದ್ದರೆ ಸಾಕು. ಅದೇ ಮಳೆಗಾಲದಲ್ಲಿ ಮರಿಯ ಕಿವಿಯ ಒಳಗೂ ಬೆರಳ ಸಂದಿಗೂ ಉಣ್ಣೆ ಹತ್ತಿದೆಯೇ ಎಂದು ದಿನವೂ ನೋಡಬೇಕಾಗುತ್ತದೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿದರೆ ಮರೆಯುವುದಿಲ್ಲ.

ಕೊನೆಯದಾಗಿ, ಚಂದಕ್ಕಾಗಿಯಲ್ಲದ ಮೂರು ಚಿತ್ರಗಳನ್ನು ಪ್ರತಿಯೊಬ್ಬರೂ ತೆಗೆದಿಡಬೇಕು. ಮರಿಯ ಎಡಮೈ, ಬಲಮೈ, ಎದುರು ಮುಖ. ದೀಪಾವಳಿಯ ಪಟಾಕಿಗೆ ಬೆದರಿ ಸರಪಳಿ ಕಿತ್ತು ಓಡುವ ನಾಯಿ ಎರಡು ಊರು ದಾಟಿ ನಿಲ್ಲುತ್ತದೆ. ಆಗ ‘ಕಂದು ಬಣ್ಣದ್ದು, ಬಾಲ ಸ್ವಲ್ಪ ಡೊಂಕು’ ಎಂದು ಹೇಳಿಕೊಂಡು ಅಲೆದರೆ, ಊರ ನಾಯಿಗಳಲ್ಲಿ ಅರ್ಧದಷ್ಟು ಅದೇ ವರ್ಣನೆಗೆ ಹೊಂದುತ್ತವೆ. ಎದೆಯ ಬಿಳಿ ಮಚ್ಚೆ, ಹರಿದ ಕಿವಿಯ ಅಂಚು, ಹಿಂಗಾಲಿನ ಹೆಚ್ಚಿನ ಉಗುರು ಇವು ಸ್ಪಷ್ಟವಾಗಿ ಕಾಣುವಂತಿರಲಿ. ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ತೆಗೆದ ತಾರೀಕು ಬರೆದು, ಲಸಿಕೆಯ ಚೀಟಿಯ ಜೊತೆಗೆ ಇಡಿ. ಮರಿ ಬೆಳೆದಂತೆ ಬಣ್ಣ ಬದಲಾಗುವುದರಿಂದ ಒಂದು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ ಹೊಸದಾಗಿ ತೆಗೆಯಬೇಕಾಗುತ್ತದೆ.